ತೀರ್ಥಕ್ಕಿಂತ ಮೊದಲಿನ ಗುಳಿಗೆ

ಸೇಡಂನ ನಮ್ಮ ಮನೆಯಲ್ಲಿ ಬೇರೆ ಯಾವುದಕ್ಕೆ ಕೊರತೆ ಇತ್ತೋ ಏನೋ, ಕಲ್ಲಿಗಂತೂ ಇರಲಿಲ್ಲ. ನೆಲಕ್ಕೆ ಪರಸಿ, ಮಾಳಿಗೆಗೆ ಪರಸಿ, ಬಚ್ಚಲಿಗೆ ಪರಸಿ, ಅಜ್ಜಿ ಸಂಡಿಗೆ ಒಣಗಿಸುತ್ತಿದ್ದ ಕಟ್ಟೆಗೂ ಪರಸಿ. ನಮ್ಮ ಸುತ್ತಲಿನ ಗಣಿಗಳಿಂದ ಬರುವ ಈ ಕಲ್ಲನ್ನು ಹೊರಗಿನವರು ಶಹಾಬಾದ್ ಕಲ್ಲು ಅನ್ನುತ್ತಾರೆ. ಬೇಸಿಗೆಯಲ್ಲಿ ಮಾಳಿಗೆಯ ಕಲ್ಲು ಹಗಲೆಲ್ಲ ಕಾದು, ಸಂಜೆಯಾದ ಮೇಲೆ ಆ ಕಾವನ್ನು ನಿಧಾನವಾಗಿ ನಮ್ಮ ಮೇಲೆ ಇಳಿಸುತ್ತಿತ್ತು. ನಡುಮನೆಯ ನೆಲಕ್ಕೆ ನೀರು ಚಿಮುಕಿಸಿ ಅದರ ಮೇಲೆಯೇ ಅಂಗಾತ ಬಿದ್ದುಕೊಳ್ಳುವುದು ನನ್ನ ಮತ್ತು ಅಪ್ಪನ ರಜೆಯ ಮುಖ್ಯ ಉದ್ಯೋಗ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಅಪ್ಪ, ಶಾಲೆಯಲ್ಲಿ ಎಷ್ಟು ಶಿಸ್ತಿನವನೋ ಮೇ ತಿಂಗಳಲ್ಲಿ ಮನೆಯೊಳಗೆ ಅಷ್ಟೇ ಬೇಶಿಸ್ತು. ಬನಿಯನ್ ಕಳಚಿಟ್ಟು ಬೀಸಣಿಗೆ ಹಿಡಿದು ಕೂತರೆ ಎಬ್ಬಿಸಲು ದೇವರೇ ಬರಬೇಕಿತ್ತು. ಅಂಥ ಒಂದು ಮೇ ತಿಂಗಳಲ್ಲಿ ನನ್ನ ಅಮ್ಮ ಕಂದು ಬಣ್ಣದ ಉಣ್ಣೆಯ ಶಾಲು ಹೊದ್ದು ಅಡುಗೆಮನೆಯ ಬಾಗಿಲಲ್ಲಿ ಮುದುಡಿಕೊಂಡು ಕುಳಿತಿದ್ದಳು. ಬಾಲ್ಯ ಅಂದ ಕೂಡಲೇ ನನ್ನ ಕಣ್ಣಿಗೆ ಮೊದಲು ಬರುವುದು ಆ ಶಾಲು.

ಮನೆಯಲ್ಲಿ ನಾವು ನಾಲ್ಕೇ ಜನ: ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ನಾನು. ಆದರೆ ಆಳುತ್ತಿದ್ದವಳು ಒಬ್ಬಳೇ. ಅಜ್ಜಿ ಎಲ್ಲರಿಗಿಂತ ಮೊದಲೆದ್ದು ತಣ್ಣೀರು ಸ್ನಾನ ಮಾಡಿ, ಯಾರೂ ಮುಟ್ಟದಂತೆ ಮಾಳಿಗೆಗೆ ಹತ್ತಿಸಿ ಕಟ್ಟಿದ ಗಳದ ಮೇಲಿಂದ ಮಡಿಸೀರೆಯನ್ನು ಕೋಲಿನಲ್ಲಿ ಇಳಿಸಿ ಉಡುತ್ತಿದ್ದಳು. ಆಮೇಲೆ ಅಮ್ಮನ ಸ್ನಾನ, ಅಮ್ಮನ ಮಡಿ, ಒಲೆ. ಅಡುಗೆಯಾಗಿ, ಅಪ್ಪನ ಪೂಜೆ ಮುಗಿದು, ದೇವರಿಗೆ ನೈವೇದ್ಯವಾಗಿ, ಕೈಗೆ ತೀರ್ಥ ಬೀಳುವ ತನಕ ಇಬ್ಬರೂ ಒಂದು ಗುಟುಕು ನೀರನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಶಾಲೆಯ ದಿನಗಳಲ್ಲಿ ಅಪ್ಪನ ಪೂಜೆ ಹತ್ತರೊಳಗೆ ಮುಗಿಯುತ್ತಿತ್ತು. ರಜೆಯಲ್ಲಿ, ಹಬ್ಬದಲ್ಲಿ ಅವನಿಗೆ ಭಕ್ತಿ ಉಕ್ಕಿ ಬಂದು ಅದು ಮಧ್ಯಾಹ್ನಕ್ಕೆ ಹೋಗುತ್ತಿತ್ತು. ಹೊಟ್ಟೆಗೆ ಹಾಲು ಹಾಕಿಕೊಳ್ಳುವ ರಿಯಾಯಿತಿ ಇದ್ದದ್ದು ನನಗೊಬ್ಬಳಿಗೆ. ಅದನ್ನು ನಾನು ಎರಡೆರಡು ಸಲ ಬಳಸಿಕೊಳ್ಳುತ್ತಿದ್ದೆ.

ಅಮ್ಮನ ತವರು ಚಿಂಚೋಳಿ. ತೆಲುಗು ಸೀಮೆಯ ಗಡಿಯವಳಾದ್ದರಿಂದ ಅವಳ ಕನ್ನಡಕ್ಕೆ ಒಂದು ಎಳೆತ ಇತ್ತು; ಅದೇ ಎಳೆತ ಹಾಡಿನಲ್ಲಿ ಬಂದರೆ ಕೇಳುವವರು ಕೈಯಲ್ಲಿದ್ದ ಕೆಲಸ ಬಿಡುತ್ತಿದ್ದರು. ಬೆಳಿಗ್ಗೆ ಅಂಗಳಕ್ಕೆ ರಂಗೋಲಿ ಹಾಕುವಾಗ ಅವಳು ದೇವರನ್ನು ಎಬ್ಬಿಸುವ ಹಾಡು ಹಾಡುತ್ತಿದ್ದಳು. ದೇವರು ಏಳುತ್ತಿದ್ದನೋ ಇಲ್ಲವೋ, ನಾನು ಏಳುತ್ತಿದ್ದೆ. ಓಣಿಯಲ್ಲಿ ಯಾರ ಮನೆಯಲ್ಲಿ ಆರತಿಯಾದರೂ ಅಮ್ಮನಿಗೆ ಕರೆ ಬರುತ್ತಿತ್ತು. ಎದುರು ಮನೆಯ ಇಂದಿರಾಬಾಯಿ ಯಾರನ್ನೂ ಹೊಗಳುವವರಲ್ಲ. ಅವರೂ ಅಮ್ಮ ಹಾಡುವಾಗ ತಲೆದೂಗುತ್ತಿದ್ದರು.

ಆ ಧ್ವನಿ ಯಾವಾಗ ಹೋಯಿತು ಎಂದು ಹೇಳಲಾರೆ. ಎಲ್ಲವೂ ಮೆಲ್ಲಗೆ ನಡೆಯಿತು. ಮೊದಲು ಹಾಡು ಗುನುಗಾಯಿತು, ಗುನುಗು ನಿಂತಿತು, ಮಾತು ದಪ್ಪಗಾಯಿತು. ಬಾಚಣಿಗೆಯಲ್ಲಿ ಕೂದಲು ಉಂಡೆಯಾಗಿ ಬರತೊಡಗಿತು. ಮುಖ ಊದಿ, ಕಣ್ಣು ಸಣ್ಣವಾದವು. ಸಾರಿಗೆ ಉಪ್ಪು ಎರಡು ಸಲ ಬೀಳತೊಡಗಿತು, ಇಲ್ಲವೇ ಬೀಳುತ್ತಲೇ ಇರಲಿಲ್ಲ. ನನಗೆ ಇವು ಯಾವುವೂ ಅಷ್ಟು ಹೆದರಿಕೆ ಹುಟ್ಟಿಸಲಿಲ್ಲ. ಹೆದರಿಕೆಯಾದದ್ದು ಬೇರೆ ಒಂದಕ್ಕೆ. ‘ಅಮ್ಮಾ’ ಎಂದು ಕರೆದರೆ ಅವಳು ತಡವಾಗಿ ತಿರುಗುತ್ತಿದ್ದಳು. ತಿರುಗಿದ ಮೇಲೂ ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕು ಅನ್ನುವಂತೆ ನೋಡುತ್ತಿದ್ದಳು. ಅಮ್ಮನಿಗೆ ನಾನು ಬೇಡವಾಗಿದ್ದೇನೆ ಎಂದು ನಾಲ್ಕನೇ ಇಯತ್ತೆಯ ನನ್ನ ಬುದ್ಧಿ ತೀರ್ಮಾನ ಮಾಡಿಬಿಟ್ಟಿತು. ಅದನ್ನು ಯಾರಿಗೂ ಹೇಳದೆ, ಅವಳ ಶಾಲಿನ ಅಂಚು ಹಿಡಿದುಕೊಂಡು ಮಲಗುತ್ತಿದ್ದೆ.

ಅಜ್ಜಿಯ ತೀರ್ಮಾನ ಬೇರೆಯಿತ್ತು. ಅವಳ ಪ್ರಕಾರ ಇದು ಸೋಮಾರಿತನ.

“ಪದ್ಮಾ, ಹಿಟ್ಟು ನಾದಲಿಕ್ಕೆ ಕುಂತಾಕಿ ನಿದ್ದಿ ಹಚ್ಚೀದೇನು?”

“ಇಲ್ರೀ ಅತ್ತೀ. ಕಣ್ಣು ತಾವೇ ಮುಚ್ಚಲಿಕತ್ತಾವ.”

“ನನ್ನ ವಯಸ್ಸಿಗೆ ಬಂದ್ರ ಏನ್ ಮಾಡ್ತೀ? ಬಿಸಲಾಗ ಶಾಲು ಬ್ಯಾರೆ ಕೇಡು. ನೋಡಿದವರು ಏನಂತಾರ?”

ಅಜ್ಜಿಯನ್ನು ಕೆಟ್ಟವಳು ಅನ್ನಲಾರೆ. ಅವಳಿಗೆ ಚಿಂತೆಯಾದರೂ ಬೈಗುಳವೇ ಬರುತ್ತಿತ್ತು, ಪ್ರೀತಿ ಬಂದರೂ ಬೈಗುಳವೇ ಬರುತ್ತಿತ್ತು. ಒಳಗೆ ಏನೇ ಇರಲಿ, ಬಾಯಿ ಮಾತ್ರ ಒಂದೇ. ರಕ್ತ ಕಡಿಮೆ ಅಂದವರ ಮಾತು ಕೇಳಿ ಟಾನಿಕ್ ತರಿಸಿದಳು. ಇಂದಿರಾಬಾಯಿ ದೃಷ್ಟಿ ಅಂದದ್ದಕ್ಕೆ ಉಪ್ಪು ಮೆಣಸಿನಕಾಯಿ ಇಳಿ ತೆಗೆದಳು. ಯಾವುದೂ ನಾಟಲಿಲ್ಲ. ಸೊಸೆ ಕೂತಲ್ಲೇ ಕೂತಿರುತ್ತಿದ್ದಳು, ಅಜ್ಜಿಯ ದನಿ ಏರುತ್ತಲೇ ಇತ್ತು, ಅಪ್ಪ ಇಬ್ಬರ ನಡುವೆ ಪೇಪರು ಹಿಡಿದು ಕೂರುತ್ತಿದ್ದ.

ಮಳೆ ಹತ್ತುವ ಮೊದಲು ಚಿಂಚೋಳಿಯಿಂದ ಅಮ್ಮನ ಅಣ್ಣ, ನನ್ನ ಮಾಮಾ, ಬಂದ. ತಂಗಿಯನ್ನು ನೋಡಿದವನೇ ತಂದಿದ್ದ ಮಾವಿನಹಣ್ಣಿನ ಚೀಲವನ್ನು ಕೆಳಗಿಡುವುದನ್ನೂ ಮರೆತು ನಿಂತ. ಊಟವಾದ ಮೇಲೆ ಅವನು ಅಜ್ಜಿಯ ಮುಂದೆ ಕೂತು ಆಡಿದ ಮಾತನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿದೆ.

“ನಾ ಕರಕೊಂಡು ಹೋಗ್ತೀನ್ರಿ. ಆರಾಮ ಆಗೋ ತನಕ ನಮ್ಮಲ್ಲೇ ಇರಲಿ.”

“ನಾನೂ ಅದನ್ನ ಅನ್ನಾಕಿದ್ದೆ,” ಅಂದಳು ಅಜ್ಜಿ. “ಆದ್ರ ರಮಾನ ಸಾಲಿ ಅದ. ಆಕಿ ಇಲ್ಲೇ ಇರಬೇಕು.”

“ಮಗಳನ್ನ ಬಿಟ್ಟು ಈಗs ಬ್ಯಾಡ್ರಿ,” ಅಂದ ಮಾಮಾ. “ಶಹಾಬಾದಿನಾಗ ಒಬ್ರು ಡಾಕ್ಟರಬಾಯಿ ಇದ್ದಾರ, ಭಾಳ ಛೊಲೊ ನೋಡ್ತಾರಂತ. ಅವರಿಗೊಮ್ಮೆ ತೋರಸ್ರಿ. ದೀಪಾವಳಿ ತನಕ ನೋಡೂಣು. ಗುಣ ಕಾಣಲಿಲ್ಲಂದ್ರ ನಾನೇ ಬಂದು ಕರಕೊಂಡು ಹೋಗ್ತೀನಿ.”

ರಮಾ ಅಂದರೆ ನಾನು. ಪಟಾಕಿ ಬೇಡ, ದೀಪಾವಳಿಯೇ ಬರದಿದ್ದರೆ ಸಾಕು ಎಂದು ಬೇಡಿಕೊಂಡ ಮಗು ಆ ವರ್ಷ ನಮ್ಮ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಶಹಾಬಾದಿನ ಡಾಕ್ಟರಬಾಯಿ ಅಮ್ಮನ ಕುತ್ತಿಗೆಯ ಮೇಲೆ ಬೆರಳಿಟ್ಟು ‘ಉಗುಳು ನುಂಗ್ರಿ’ ಅಂದರು, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ಬಡಿದರು, ರಕ್ತವನ್ನು ಹೈದರಾಬಾದಿಗೆ ಕಳಿಸಿದರು. ಅದರ ವರದಿ ಬಂದ ಮೇಲೆ ಒಂದು ಪುಟ್ಟ ಬಾಟಲಿ ಗುಳಿಗೆ ಕೊಟ್ಟು, ದಿನಾ ಮುಂಜಾನೆ ಬರಿ ಹೊಟ್ಟೆಗೆ ಒಂದು ತೆಗೆದುಕೊಳ್ಳಬೇಕು, ಎಂದೂ ನಿಲ್ಲಿಸಬಾರದು ಅಂದರು. ಅಜ್ಜಿಗೆ ಭಾರಿ ಸಮಾಧಾನವಾಯಿತು. ಬರಿ ಹೊಟ್ಟೆಯ ವಿಷಯದಲ್ಲಿ ನಮ್ಮ ಮನೆಗೆ ಯಾರು ಪಾಠ ಹೇಳಬೇಕು? ತೀರ್ಥದ ತನಕ ಅಮ್ಮನ ಹೊಟ್ಟೆ ಬರಿದಾಗಿಯೇ ಇರುತ್ತಿತ್ತಲ್ಲ. ಅಜ್ಜಿ ಆ ಬಾಟಲಿಯನ್ನು ದೇವರ ಮನೆಯಲ್ಲಿ, ಶಂಖದ ಪಕ್ಕದಲ್ಲಿ ಇಟ್ಟು ಮೇಲೊಂದು ತುಳಸಿ ಏರಿಸಿದಳು. ಪೂಜೆ ಮುಗಿದ ಮೇಲೆ ಅಪ್ಪ ತೀರ್ಥ ಹಾಕಿದ ಅಂಗೈಗೇ ಅಜ್ಜಿ ಗುಳಿಗೆಯನ್ನು ಮೇಲಿಂದ ಬಿಡುತ್ತಿದ್ದಳು. ಅಮ್ಮ ತೀರ್ಥದ ಜೊತೆ ಅದನ್ನು ನುಂಗಿ, ಕೈ ತಲೆಗೆ ಸವರಿಕೊಂಡು, ನೇರವಾಗಿ ಎಲೆಯ ಮುಂದೆ ಕೂರುತ್ತಿದ್ದಳು. ಬಿಸಿ ಅನ್ನ, ತೊಗರಿಯ ತೊವ್ವೆ, ತುಪ್ಪ, ಕೊನೆಗೆ ಗಟ್ಟಿ ಹಾಲಿನ ಕಾಫಿ. ಏಕಾದಶಿಯ ದಿನ ಊಟವೂ ಇಲ್ಲ, ಗುಳಿಗೆಯೂ ಇಲ್ಲ. ಇಷ್ಟು ಭಕ್ತಿಯಿಂದ ಯಾರೂ ಗುಳಿಗೆ ನುಂಗಿರಲಿಕ್ಕಿಲ್ಲ.

ಶ್ರಾವಣ ಕಳೆಯಿತು. ಅಮ್ಮನ ಕಾಲು ಊದಿಕೊಂಡವು. ಶಾಲು ಮೈಮೇಲಿಂದ ಇಳಿಯಲಿಲ್ಲ. ಮತ್ತೆ ರಕ್ತ ಕೊಟ್ಟು ಬಂದು, ವರದಿ ಬಂದಿದೆ ಎಂದು ತಿಳಿದಾಗ ಅಪ್ಪನಿಗೆ ಶಾಲೆ ಬಿಡುವಂತಿರಲಿಲ್ಲ. ಅಮ್ಮನನ್ನು ಕರೆದುಕೊಂಡು ಅಜ್ಜಿಯೇ ಹೊರಟಳು, ನಾನು ಹಟ ಮಾಡಿ ಹತ್ತಿಕೊಂಡೆ. ಪ್ಯಾಸೆಂಜರ್ ಗಾಡಿ ಚಿತ್ತಾಪುರ ದಾಟಿ ವಾಡಿಗೆ ಬರುವ ಹೊತ್ತಿಗೆ ಅಮ್ಮ ಕಿಟಕಿಯ ಸರಳಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಸಿಮೆಂಟಿನ ಬಿಳಿ ಧೂಳು ಅವಳ ಕೆನ್ನೆಯ ಮೇಲೆ ಕೂತಿತ್ತು. ಅಜ್ಜಿ ಅದನ್ನು ತನ್ನ ಸೆರಗಿನಿಂದ ಒರೆಸಲು ಕೈ ಚಾಚಿ, ಎಚ್ಚರವಾದೀತೆಂದು ಹಿಂದಕ್ಕೆ ತೆಗೆದುಕೊಂಡದ್ದನ್ನು ನಾನು ನೋಡಿದೆ. ನೋಡಿದ್ದು ಒಳ್ಳೆಯದಾಯಿತು.

ಡಾಕ್ಟರಬಾಯಿ ವರದಿಯನ್ನು ಎರಡು ಸಲ ಓದಿ, ಅಮ್ಮನ ಮುಖ ನೋಡಿದರು.

“ಗುಳಿಗಿ ದಿನಾ ತಗೋತೀರೇನ್ರಿ?”

ಅಮ್ಮ ಅಜ್ಜಿಯ ಕಡೆ ನೋಡಿದಳು. ಉತ್ತರ ಕೊಡುವುದು ಅಜ್ಜಿಯ ಇಲಾಖೆ.

“ಒಂದು ದಿನಾನೂ ತಪ್ಪಿಸಿಲ್ರಿ. ದೇವರ ಮುಂದ ಇಟ್ಟು, ತೀರ್ಥದ ಜೋಡಿ ನಾನೇ ಕೈಯಾರೆ ಕೊಡ್ತೀನಿ. ಏಕಾದಶಿ ಒಂದು ಬಿಟ್ಟು.”

“ತೀರ್ಥ ಆದ ಮ್ಯಾಲೆ?”

“ಮ್ಯಾಲೇನದ, ಊಟ.”

“ಕೂಡ್ಲೇ?”

“ಮುಂಜಾನಿಂದ ಹಸದಾಕಿನ್ನ ಮತ್ತ ಕಾಯಿಸಲಿಕ್ಕಾಗ್ತದೇನ್ರಿ?”

ಡಾಕ್ಟರಬಾಯಿ ಪೆನ್ನು ಕೆಳಗಿಟ್ಟರು. ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಈ ಗುಳಿಗೆ ಅನ್ನದ ಜೊತೆ, ಹಾಲಿನ ಜೊತೆ ಹೋದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ಎದ್ದ ಕೂಡಲೇ ನೀರಿನ ಜೊತೆ ತೆಗೆದುಕೊಂಡು ಒಂದು ತಾಸು ಏನೂ ತಿನ್ನಬಾರದು, ಏಕಾದಶಿಗೂ ಬಿಡಬಾರದು ಎಂದು ಹೇಳಿದರು. ಅಜ್ಜಿಯ ಮುಖದಲ್ಲಿ ಒಪ್ಪಿಗೆ ಕಾಣದೆ, ತಮ್ಮ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು.

“ನೋಡ್ರಿ ಅಜ್ಜಿ, ಕುತ್ತಿಗ್ಯಾಗ ಇಲ್ಲೊಂದು ಗ್ರಂಥಿ ಅದ, ಥೈರಾಯ್ಡ್ ಅಂತಾರ. ಅದು ಒಂದು ರಸ ಮಾಡ್ತದ. ಆ ರಸ ಇದ್ರ ಮೈ ಬೆಚ್ಚಗಿರ್ತದ, ಕೈಕಾಲು ಆಡ್ತಾವ, ತಲಿ ಓಡ್ತದ. ಅದಕ್ಕ ಹೇಳಿ ಕೆಲಸ ಮಾಡಸಾಕಿ ಇನ್ನೊಂದು ಗ್ರಂಥಿ, ಮಿದುಳಿನ ಬುಡಕ್ಕ ಕುಂತದ. ಮನ್ಯಾಗ ಅತ್ತಿ ಇದ್ದಂಗ. ಸೊಸಿ ಕೆಲಸ ಕಡಿಮಿ ಮಾಡಿದ್ಲಂದ್ರ ಅತ್ತಿ ಒದರತಾಳ. ಸೊಸಿಗೆ ತ್ರಾಣ ಇಲ್ಲ, ಮಾಡಲಿಕ್ಕಾಗೂದಿಲ್ಲ. ಅತ್ತಿ ಇನ್ನೂ ಜೋರು ಒದರತಾಳ. ಈ ವರದ್ಯಾಗ ಇರೋದು ಆ ಅತ್ತಿ ಒದರಾಟ. ಹೋದ ಸಲಕಿಂತ ಹೆಚ್ಚಾಗ್ಯದ.”

ಅಮ್ಮ ನೆಲ ನೋಡುತ್ತಿದ್ದಳು. ಅಜ್ಜಿ ನಾನು ಎಂದೂ ಕೇಳದಷ್ಟು ಸಣ್ಣ ದನಿಯಲ್ಲಿ ಕೇಳಿದಳು.

“ಅತ್ತಿ ಸುಮ್ಮ ಕುಂತ್ರ ಸೊಸಿಗೆ ಆರಾಮ ಆಗ್ತದೇನ್ರಿ?”

“ಇಲ್ಲಜ್ಜಿ. ಅತ್ತೀದು ತಪ್ಪಿಲ್ಲ, ಆಕಿ ಕೆಲಸಾನೇ ಅದು. ಸೊಸಿ ಮಾಡಲಾರದ್ದನ್ನ ನಾವು ಹೊರಗಿಂದ ತಂದು ಕೊಡಬೇಕು. ಈ ಗುಳಿಗಿ ಅಂದ್ರ ಅದೇ, ಮೈ ತಾನೇ ಮಾಡಿಕೊಳ್ಳೋ ರಸ. ಅದು ಹೊತ್ತಿಗೆ ಸರಿಯಾಗಿ ಸಿಕ್ರ ಒದರಾಟ ತಾನೇ ನಿಂದರತದ.”

ಕಾಗಿಣಾ ಹೊಳೆ ಕಂಡರೆ ತಪ್ಪದೆ ಕೈ ಮುಗಿಯುವ ಅಜ್ಜಿ ವಾಪಸು ಬರುವ ಗಾಡಿಯಲ್ಲಿ ಅದನ್ನು ಮರೆತಳು. ಮನೆಗೆ ಬಂದ ಮೇಲೆ ಎಲ್ಲ ಕೇಳಿಸಿಕೊಂಡ ಅಪ್ಪ ಗಣಿತದವನ ಹಾಗೆ ಎರಡೂ ಕಡೆ ಸರಿದೂಗಿಸಲು ನೋಡಿದ.

“ಹಂಗಾದ್ರ ತೀರ್ಥ ಆದ ಮ್ಯಾಲೇ ಗುಳಿಗಿ ತಗೊಂಡು, ಒಂದು ತಾಸು ಬಿಟ್ಟು ಊಟ ಮಾಡ್ಲಿ. ಮಡೀನೂ ಉಳೀತದ.”

“ಹಬ್ಬದ ದಿನ ನಿನ್ನ ಪೂಜಿ ಒಂದಕ್ಕ ಮುಗೀತದ. ಆಕಿ ಎರಡರ ತನಕ ಉಪವಾಸ ಬೀಳಬೇಕೇನು? ಮದಲs ತ್ರಾಣ ಇಲ್ಲದಾಕಿ.”

“ಮಡಿಲೆ ಅಡಗಿ ಮಾಡಾಕಿ ತೀರ್ಥದಕಿಂತ ಮದಲ ಬಾಯಿಗೆ ಹಾಕೋದಂದ್ರ... ಮಠದ ಆಚಾರ್ರನ್ನ ಒಂದು ಮಾತು ಕೇಳೂಣವಾ.”

“ಆಚಾರ್ರು ಹಸದ ಹೊಟ್ಟಿಲೆ ಒಲಿ ಮುಂದ ಕುಂತು ಅಡಗಿ ಮಾಡ್ಯಾರೇನು? ನಾ ಮಾಡೀನಿ. ನಾ ಹೇಳ್ತೀನಿ ಕೇಳು. ಮನಷ್ಯಾ ತನ್ನ ಉಗುಳು ತಾ ನುಂಗಿದ್ರ ಮಡಿ ಕೆಡ್ತದೇನು? ಇದೂ ಹಂಗs. ಮೈಯಾಗಿಂದು ಮೈಗೆ ಕೊಡೋದು. ಇದು ಊಟ ಅಲ್ಲ.”

ಅಪ್ಪ ಮತ್ತೆ ಪೇಪರು ಬಿಡಿಸಿದ. ಆ ಮಾತಿಗೆ ಎದುರುತ್ತರ ನನಗೆ ಇವತ್ತಿಗೂ ಹೊಳೆದಿಲ್ಲ. ವಿಷಯ ತಿಳಿದ ಇಂದಿರಾಬಾಯಿ ಬಂದು, ‘ನಿಮ್ಮಂಥವರ ಮನ್ಯಾಗ ಹಿಂಗಾದ್ರ ಹ್ಯಾಂಗ್ರಿ’ ಅಂದಾಗಲೂ ಅಜ್ಜಿ ಅದೇ ನಾಲ್ಕು ಮಾತು ಹೇಳಿ, ಅವರ ಮುಂದೆ ಬೆಲ್ಲ ನೀರು ಇಟ್ಟು, ಹವಾಮಾನದ ಮಾತೆತ್ತಿದಳು.

ಮರುದಿನದಿಂದ ಬಾಟಲಿ ದೇವರ ಮನೆಯಿಂದ ಹೊರಗೆ, ನೀರಿನ ಕಟ್ಟೆಯ ಮೇಲಿನ ಗೂಡಿಗೆ ಬಂತು. ಸ್ನಾನವಾದ ಮೇಲೆ ಅಜ್ಜಿ ಹಾಸಿಗೆಯಲ್ಲಿದ್ದವರನ್ನು ಮುಟ್ಟುವಂತಿರಲಿಲ್ಲ. ಅದಕ್ಕೆಂದೇ ಎದ್ದ ಕೂಡಲೇ ಸ್ನಾನ ಮಾಡುವ ತನ್ನ ಅಷ್ಟು ವರ್ಷದ ರೂಢಿಯನ್ನು ಅವಳು ಹಿಂದಕ್ಕೆ ಹಾಕಿದಳು. ಎದ್ದವಳೇ ಹಿತ್ತಾಳೆಯ ಲೋಟದಲ್ಲಿ ನೀರು ತುಂಬಿಕೊಂಡು ನಮ್ಮ ಹಾಸಿಗೆಗೆ ಬರುತ್ತಿದ್ದಳು. ಅಮ್ಮನ ಪಕ್ಕದಲ್ಲಿ ಮಲಗಿರುತ್ತಿದ್ದ ನನಗೆ ಅವಳ ಕಾಲಿನ ಸದ್ದಿಗೇ ಎಚ್ಚರವಾಗುತ್ತಿತ್ತು.

“ಪದ್ಮಾ, ಏಳು. ಕೈ ಹಿಡಿ.”

ನಮ್ಮ ಸೀಮೆಯಲ್ಲಿ ಸೊಸೆಯ ಹಾಸಿಗೆಗೆ ಅತ್ತೆ ನೀರು ತಂದುಕೊಡುವುದೆಂದರೆ ಸಣ್ಣ ಮಾತಲ್ಲ. ಮೊದಲ ದಿನ ಅಮ್ಮ ಗಾಬರಿಯಾಗಿ ಎದ್ದು ನಿಲ್ಲಲು ಹೋದಳು. ‘ಕುಂದ್ರು, ಕುಂತs ತಗೋ’ ಎಂದು ಅಜ್ಜಿ ಗದರಿದಳು. ಗದರುವುದು ಪೂರ್ತಿ ನಿಂತಿತೆಂದು ಯಾರೂ ತಿಳಿಯಬಾರದು. ಗುಳಿಗೆ ನುಂಗಿದ್ದನ್ನು ನೋಡಿ, ಲೋಟವನ್ನು ಗೂಡಿನ ಕೆಳಗೆ ಬೋರಲು ಹಾಕಿ, ಆಮೇಲೆ ಬಚ್ಚಲಿಗೆ ಹೋಗುತ್ತಿದ್ದಳು. ಏಕಾದಶಿಯ ದಿನವೂ ಇದೇ ಕ್ರಮ.

ದೀಪಾವಳಿ ನನ್ನ ಬೇಡಿಕೆಗೆ ಕಿವಿಗೊಡದೆ ಬಂತು, ಮಾಮಾನೂ ಬಂದ. ಅಮ್ಮನ ಮುಖದ ಊತ ಕೊಂಚ ಇಳಿದಿತ್ತು, ಆದರೆ ಶಾಲು ಇನ್ನೂ ಇತ್ತು, ಧ್ವನಿ ಇನ್ನೂ ದಪ್ಪಗೇ ಇತ್ತು. ಮಾಮಾ ಕೊಟ್ಟ ಮಾತಿನಂತೆ ತಂಗಿಯನ್ನು ಕರೆದುಕೊಂಡು ಹೋಗಲು ಸಿದ್ಧನಾಗಿದ್ದ. ಅಮ್ಮನ ಎರಡು ಸೀರೆ ಗೋಡೆಯ ನಾಗೊಂದಿಯ ಹಲಗೆಯಿಂದ ಕೆಳಗಿಳಿದಿದ್ದವು. ನಾನು ಅವುಗಳ ಮೇಲೆ ಕೂತುಬಿಟ್ಟಿದ್ದೆ.

“ಕಳಸೂದಿಲ್ಲ,” ಅಂದಳು ಅಜ್ಜಿ.

“ನೀವs ಹೂಂ ಅಂದಿದ್ರಲ್ರೀ.”

“ಅಂದಿದ್ದೆ. ಅಲ್ಲಿ ಮುಂಜಾನಿ ಆಕಿನ್ನ ಎಬ್ಬಿಸಿ ಗುಳಿಗಿ ಯಾರು ಕೊಡ್ತಾರ? ನಿನ್ನ ಹೆಂಡತಿಗೆ ಎರಡು ಸಣ್ಣ ಕೂಸು. ಸೊಸಿ ನನ್ನಾಕಿ, ನಾ ನೋಡಿಕೊಳ್ತೀನಿ.”

ಮಾಮಾ ಅಮ್ಮನ ಕಡೆ ನೋಡಿದ. ಅಮ್ಮ ನಿಧಾನಕ್ಕೆ, ಆದರೆ ಸ್ಪಷ್ಟವಾಗಿ, ‘ಇಲ್ಲೇ ಇರ್ತೀನಣ್ಣಾ’ ಅಂದಳು. ನಾನು ಸೀರೆಗಳ ಮೇಲಿಂದ ಎದ್ದೆ. ಅಷ್ಟು ಹಗುರವಾಗಿ ನಾನು ಆಮೇಲೆ ಯಾವ ಪರೀಕ್ಷೆ ಪಾಸಾದಾಗಲೂ ಎದ್ದಿಲ್ಲ.

ಧನುರ್ಮಾಸ ಬಂತು. ಆ ತಿಂಗಳು ನಮ್ಮ ಮನೆಗಳಲ್ಲಿ ಸೂರ್ಯ ಹುಟ್ಟುವ ಮೊದಲೇ ಹುಗ್ಗಿ ಬೇಯಿಸಿ ನೈವೇದ್ಯ ಮಾಡುವ ಪದ್ಧತಿ. ಅಜ್ಜಿ ಗುಳಿಗೆಯನ್ನು ಇನ್ನೂ ಬೇಗ ತರುತ್ತಿದ್ದಳು. ಪರಸಿಯ ನೆಲ ಕಾಲು ಕಚ್ಚುವಷ್ಟು ಥಂಡಿ. ಒಂದು ಬೆಳಿಗ್ಗೆ ಎಚ್ಚರವಾದಾಗ ಪಕ್ಕದಲ್ಲಿ ಅಮ್ಮ ಇರಲಿಲ್ಲ. ಅಂಗಳದಿಂದ ಹಾಡು ಬರುತ್ತಿತ್ತು. ಓಡಿ ಹೋಗಿ ನೋಡಿದರೆ ಅಮ್ಮ ಬರಿಯ ಸೀರೆಯಲ್ಲಿ ಬಗ್ಗಿ ರಂಗೋಲಿ ಹಾಕುತ್ತ ದೇವರನ್ನು ಎಬ್ಬಿಸುತ್ತಿದ್ದಳು. ಇನ್ನೂ ಸ್ನಾನಕ್ಕೆ ಹೋಗದ ಅಜ್ಜಿ ಆ ಕಂದು ಶಾಲನ್ನು ಕಿವಿ ಮುಚ್ಚುವಂತೆ ಹೊದ್ದು ಬಾಗಿಲಿಗೆ ಒರಗಿ ನಿಂತಿದ್ದಳು. ನಾನು ‘ಅಮ್ಮಾ’ ಅಂದೆ. ಅಮ್ಮ ತಟ್ಟನೆ ತಿರುಗಿದಳು. ಕರೆದ ಕೂಡಲೇ ತಿರುಗಿದಳು. ನಾನು ಅಲ್ಲೇ ಹೊಸ್ತಿಲಲ್ಲಿ ಕೂತು ಅತ್ತುಬಿಟ್ಟೆ. ಯಾಕೆಂದು ಅಮ್ಮ ಕೇಳಿದಳು, ಅಜ್ಜಿ ಕೇಳಲಿಲ್ಲ.

“ಶ್ರುತಿ ಇನ್ನಾ ಸ್ವಲ್ಪ ಕೆಳಗದ,” ಅಂದಳು ಅಜ್ಜಿ, ಒಳಗೆ ಹೋಗುತ್ತ. “ಬರ್ತದ.”

ಸಂಕ್ರಾಂತಿಯ ಮೇಲೆ ಅಪ್ಪ ಶಹಾಬಾದಿಗೆ ಹೋಗಿ ಹೊಸ ವರದಿ ತಂದು, ಅತ್ತೆಯ ಒದರಾಟ ನಿಂತಿದೆ ಎಂದು ಡಾಕ್ಟರಬಾಯಿ ಹೇಳಿದ್ದನ್ನು ತಿಳಿಸಿದ. ‘ಯಾವ ಅತ್ತೀದು?’ ಎಂದು ಅಜ್ಜಿ ಕೇಳಿದಳು. ಅಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ನಗುವುದನ್ನು ನಾನು ಒಂದು ವರ್ಷದಿಂದ ಕಂಡಿರಲಿಲ್ಲ.

ನಾನು ಈಗ ಚಿತ್ತಾಪುರದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ನಿರ್ನಾಳ ಗ್ರಂಥಿಗಳ ಪಾಠ ಬಂದಾಗ ಬೋರ್ಡಿನ ಮೇಲೆ ಪಿಟ್ಯುಟರಿಯಿಂದ ಥೈರಾಯ್ಡಿಗೆ ಬಾಣದ ಗುರುತು ಎಳೆಯುತ್ತೇನೆ, ಅತ್ತೆ ಸೊಸೆಯ ಕತೆ ಹೇಳುತ್ತೇನೆ, ಹುಡುಗಿಯರು ನಗುತ್ತಾರೆ. ನಲವತ್ತರ ಹೊತ್ತಿಗೆ ನನ್ನ ಥೈರಾಯ್ಡೂ ಕೈಕೊಟ್ಟಿತು. ಅಮ್ಮನ ಕಡೆಯಿಂದ ಬಂದ ಆಸ್ತಿ. ನನಗೆ ಥಂಡಿ ಅನ್ನಿಸಿದ ವಾರವೇ ರಕ್ತ ಕೊಟ್ಟು ಬಂದೆ, ನನಗೆ ಯಾರೂ ಸೋಮಾರಿ ಅನ್ನಲಿಲ್ಲ. ಇಷ್ಟು ಸುಲಭವಾಗಿ ನಾನು ಪಾರಾದದ್ದು ಆ ಇಬ್ಬರು ಹೆಂಗಸರಿಂದ. ಒಬ್ಬಳು ದೂರದೆ ತಡೆದುಕೊಂಡಳು, ಇನ್ನೊಬ್ಬಳು ತನ್ನ ಮಡಿಯನ್ನು ಬಿಡದೆಯೇ ಅದರಲ್ಲಿ ಸೊಸೆಗೆ ಜಾಗ ಮಾಡಿದಳು. ಇಬ್ಬರಿಗೂ ನಾನು ಋಣಿ.

ಅಜ್ಜಿ ತೀರಿಕೊಂಡಾಗ ನಾನು ಡಿಗ್ರಿ ಓದುತ್ತಿದ್ದೆ. ಹಿಂದಿನ ಬೆಳಿಗ್ಗೆ ತನಕವೂ ಗೋಡೆ ಹಿಡಿದುಕೊಂಡು ಲೋಟ ತಂದಿದ್ದವಳು, ಆ ಬೆಳಿಗ್ಗೆ ಬರಲಿಲ್ಲ. ಅಮ್ಮ ಹೋಗಿ ನೋಡಿದಳು. ಬೆಳಕು ಹರಿಯುವ ಹೊತ್ತಿಗೆ ಓಣಿಯ ಜನ ಬಂದರು, ಇಂದಿರಾಬಾಯಿ ಬಂದರು. ಅಜ್ಜಿಯನ್ನು ನಡುಮನೆಯ ಪರಸಿಯ ಮೇಲೆ ಮಲಗಿಸಿದ್ದರು. ಮನೆಗೆ ಸೂತಕ. ಒಲೆ ಹೊತ್ತಿಸುವಂತಿಲ್ಲ, ಪೂಜೆಯಿಲ್ಲ, ತೀರ್ಥವಿಲ್ಲ, ಎಲ್ಲ ಮುಗಿಯುವ ತನಕ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ಅಮ್ಮ ಅಜ್ಜಿಯ ತಲೆಯ ಹತ್ತಿರ ಕೂತಿದ್ದಳು. ನನಗೆ ಗೂಡು ನೆನಪಾಯಿತು. ಹಿತ್ತಾಳೆಯ ಲೋಟದಲ್ಲಿ ನೀರು ತುಂಬಿ, ಗುಳಿಗೆ ತೆಗೆದುಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಅಮ್ಮನ ಮುಂದೆ ನಿಂತೆ. ಅಜ್ಜಿ ಹೇಳುತ್ತಿದ್ದುದನ್ನೇ ಹೇಳಿದೆ.

“ಕೈ ಹಿಡಿ.”

“ಇವತ್ತೂ ಏನs ರಮಾ?” ಅಂದರು ಇಂದಿರಾಬಾಯಿ, ಮೆಲ್ಲಗೆ. “ಇವತ್ತೊಂದು ದಿನ ಬಿಡವಾ.”

ಅಮ್ಮ ಒಮ್ಮೆ ಅಜ್ಜಿಯ ಮುಖ ನೋಡಿದಳು. ಆಮೇಲೆ ಅಂಗೈ ಚಾಚಿದಳು. ಅಷ್ಟು ಅತ್ತಿದ್ದರೂ ಅವಳ ಧ್ವನಿ ತಿಳಿಯಾಗಿತ್ತು, ಇಡೀ ನಡುಮನೆಗೆ ಕೇಳುವಂತಿತ್ತು.

“ಇದು ಊಟ ಅಲ್ರಿ ಇಂದಿರಾಬಾಯಿ. ನಮ್ಮ ಅತ್ತಿ ಹೇಳ್ಯಾರ.”

ಗುಳಿಗೆ ನುಂಗಿ ನೀರು ಕುಡಿದು, ಅವಳೇ ಎದ್ದು ಹೋಗಿ ಲೋಟವನ್ನು ಗೂಡಿನ ಕೆಳಗೆ ಅಜ್ಜಿ ಇಡುತ್ತಿದ್ದ ಜಾಗದಲ್ಲಿ ಬೋರಲು ಹಾಕಿ ಬಂದು, ಮತ್ತೆ ಅಜ್ಜಿಯ ತಲೆಯ ಹತ್ತಿರ ಕುಳಿತುಕೊಂಡಳು.